28.6 ದಶಲಕ್ಷ ಘನ ಮೀಟರ್: ಒಸ್ಲೊ-2 ಒಪ್ಪಂದದ ನೀರಿನ ವಿಧಿ, ಒಂದು ಪ್ರಕರಣ ಅಧ್ಯಯನ

ಇಸ್ರೇಲ್-ಪ್ಯಾಲೆಸ್ಟೀನ್ ಮಾತುಕತೆಯ ಚರ್ಚೆ ಸಾಮಾನ್ಯವಾಗಿ ಜೆರುಸಲೇಂ, ಗಡಿ, ನಿರಾಶ್ರಿತರು, ಪಶ್ಚಿಮ ದಂಡೆಯಲ್ಲಿನ ಇಸ್ರೇಲಿ ವಸಾಹತುಗಳು ಎಂಬ ನಾಲ್ಕು ಗಂಟುಗಳ ಸುತ್ತಲೇ ನಿಂತುಬಿಡುತ್ತದೆ. ಆ ನಾಲ್ಕೂ ಇತ್ಯರ್ಥವಾಗದೆ ಉಳಿದ ವಿಷಯಗಳು. ಮಾತುಕತೆ ಎಲ್ಲಿ ಕೆಡುತ್ತದೆ ಎಂದು ತಿಳಿಯಬೇಕಾದರೆ ಎರಡೂ ಕಡೆಯವರು ಒಪ್ಪಿ, ಅಂಕಿ ಬರೆದು, ಸಹಿ ಹಾಕಿ, ಆಮೇಲೂ ಕೆಟ್ಟುಹೋದ ವಿಷಯವನ್ನು ನೋಡಬೇಕು. ನೀರು ಅಂಥದ್ದು.

1995ರ ಸೆಪ್ಟೆಂಬರ್ 28ರಂದು ವಾಷಿಂಗ್ಟನ್‌ನಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ ಸಹಿ ಹಾಕಿದ ಮಧ್ಯಂತರ ಒಪ್ಪಂದವನ್ನು ಒಸ್ಲೊ-2 ಎನ್ನುತ್ತಾರೆ. ನಾಗರಿಕ ವ್ಯವಹಾರಗಳಿಗೆ ಸಂಬಂಧಿಸಿದ ಅದರ ಮೂರನೇ ಅನುಬಂಧದಲ್ಲಿ 40ನೇ ವಿಧಿ ಇದೆ; ಹೆಸರು ನೀರು ಮತ್ತು ಕೊಳಚೆ. ಕೆಲವೇ ಪುಟಗಳ ಬರಹ, ಜೊತೆಗೆ ನಾಲ್ಕು ಪರಿಶಿಷ್ಟಗಳು. ಐದು ವರ್ಷದ ಮಧ್ಯಂತರ ಅವಧಿಗೆಂದು ಬರೆದದ್ದು ಅದು. 1994ರ ಮೇ ತಿಂಗಳಿಂದ ಎಣಿಸಿದ ಆ ಅವಧಿ 1999ರ ಮೇ 4ಕ್ಕೆ ಮುಗಿಯಿತು. 1967ರ ಯುದ್ಧದಲ್ಲಿ ಇಸ್ರೇಲ್ ವಶಪಡಿಸಿಕೊಂಡ ಪಶ್ಚಿಮ ದಂಡೆಯಲ್ಲಿ ಯಾವ ಊರು ಎಲ್ಲಿ ಕೊಳವೆಬಾವಿ ಕೊರೆಯಬಹುದು ಎಂಬುದನ್ನು ಅದರ ನಂತರವೂ ನಿರ್ಧರಿಸುತ್ತ ಬಂದದ್ದು ಅದೇ ಪುಟಗಳು.

ಮೇಜಿನ ಮೇಲಿದ್ದ ನೀರು ಎಷ್ಟು

ಪಶ್ಚಿಮ ದಂಡೆ ಸುಣ್ಣದಕಲ್ಲಿನ ಗುಡ್ಡಗಾಡು. ಚಳಿಗಾಲದ ಮಳೆ ಬಿರುಕುಗಳಲ್ಲಿ ಇಂಗಿ ಮೂರು ಅಂತರ್ಜಲ ಪದರಗಳಾಗಿ ಮೂರು ದಿಕ್ಕಿಗೆ ಹರಿಯುತ್ತದೆ. ಪಶ್ಚಿಮ ಪದರದ ನೀರು ಬಯಲಿನತ್ತ, ಅಂದರೆ ಇಸ್ರೇಲ್ ಒಳಕ್ಕೆ ಸಾಗುತ್ತದೆ. ಈಶಾನ್ಯ ಪದರದ ನೀರು ಜೆನಿನ್, ನಾಬ್ಲಸ್ ಕಡೆಯಿಂದ ಗಿಲ್ಬೋವಾ ಮತ್ತು ಬೈಸಾನ್ ಪ್ರದೇಶಕ್ಕೆ ಇಳಿಯುತ್ತದೆ. ಪೂರ್ವ ಪದರದ್ದು ಜೋರ್ಡಾನ್ ಕಣಿವೆ ಮತ್ತು ಮೃತ ಸಮುದ್ರದ ಕಡೆಗೆ. ಒಪ್ಪಂದದ 10ನೇ ಪರಿಶಿಷ್ಟ ಈ ಮೂರರ ವಾರ್ಷಿಕ ಅಂದಾಜನ್ನು ದಶಲಕ್ಷ ಘನ ಮೀಟರ್‌ಗಳಲ್ಲಿ ಕೊಡುತ್ತದೆ. ಪಶ್ಚಿಮ 362: ಇಸ್ರೇಲ್ ಬಳಕೆ 340, ಪ್ಯಾಲೆಸ್ಟೀನಿಯರದ್ದು 22. ಈಶಾನ್ಯ 145: ಇಸ್ರೇಲ್ 103, ಪ್ಯಾಲೆಸ್ಟೀನಿಯರು 42. ಪೂರ್ವ 172: ಇಸ್ರೇಲ್ 40, ಪ್ಯಾಲೆಸ್ಟೀನಿಯರು 54, ಇನ್ನೂ ತೆಗೆಯಬಹುದಾದದ್ದು 78.

ಒಟ್ಟು 679. ಇಸ್ರೇಲ್ 483, ಪ್ಯಾಲೆಸ್ಟೀನಿಯರು 118, ಬಾಕಿ 78.

ಟಿಎಂಸಿ ಲೆಕ್ಕದಲ್ಲೇ ನೀರನ್ನು ಯೋಚಿಸುವ ನಮಗೆ ಈ ಅಂಕಿಗಳನ್ನು ತಿರುಗಿಸಿ ನೋಡುವುದು ಒಳ್ಳೆಯದು. ಒಂದು ಟಿಎಂಸಿ ಅಂದರೆ ಸುಮಾರು 28.3 ದಶಲಕ್ಷ ಘನ ಮೀಟರ್. ಮೂರೂ ಪದರ ಸೇರಿದರೆ ವರ್ಷಕ್ಕೆ ಸುಮಾರು 24 ಟಿಎಂಸಿ, ಅಂದರೆ 49.45 ಟಿಎಂಸಿ ಸಾಮರ್ಥ್ಯದ ಕೆಆರ್‌ಎಸ್ ಅರ್ಧ ತುಂಬುವಷ್ಟೂ ಅಲ್ಲ. ಪ್ಯಾಲೆಸ್ಟೀನಿಯರ ಪಾಲಿನ 118 ಎಂದರೆ 4.2 ಟಿಎಂಸಿಗೂ ತುಸು ಕಡಿಮೆ. 2018ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಅಗತ್ಯವನ್ನು ಪರಿಗಣಿಸಿ ಹೆಚ್ಚುವರಿಯಾಗಿ ಕೊಟ್ಟದ್ದೇ 4.75 ಟಿಎಂಸಿ. ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿಯರ ಹೊಲ, ತೋಟ, ಮನೆ ಎಲ್ಲಕ್ಕೂ ಈ ಮೂರು ಪದರಗಳಿಂದ ಸಿಗುತ್ತಿದ್ದದ್ದು ಅದಕ್ಕಿಂತ ಕಡಿಮೆ. ಇಷ್ಟು ಸಣ್ಣ ಪ್ರಮಾಣದಲ್ಲಿ ಒಂದೆರಡು ದಶಲಕ್ಷದ ವ್ಯತ್ಯಾಸವೂ ಒಂದು ಪಟ್ಟಣದ ನಲ್ಲಿಯನ್ನು ಒಣಗಿಸುತ್ತದೆ.

ಪಟ್ಟಿಯಲ್ಲಿ ಜೋರ್ಡಾನ್ ನದಿಯೇ ಇಲ್ಲ. 1967ರಿಂದ ಪ್ಯಾಲೆಸ್ಟೀನಿಯರಿಗೆ ಆ ನದಿಯ ನೀರು ದಕ್ಕಿಲ್ಲ. 40ನೇ ವಿಧಿ ಆ ಮಾತನ್ನೇ ಎತ್ತಲಿಲ್ಲ.

ಹಕ್ಕು ಮತ್ತು ಅಗತ್ಯ

ಮಾತುಕತೆಗೆ ಕೂತಾಗ ಇಬ್ಬರ ವಾದಕ್ಕೂ ಬುಡವಿತ್ತು. ಪಶ್ಚಿಮ ಪದರದ ಸಹಜ ಬುಗ್ಗೆಗಳು ಯಾರ್ಕೋನ್ ಮತ್ತು ತನ್ನೀನಿಂ ನದಿಗಳ ಮೂಲದಲ್ಲಿವೆ, ಅಂದರೆ ಇಸ್ರೇಲ್ ನೆಲದಲ್ಲಿ. ಅಲ್ಲಿ 1967ಕ್ಕೂ ಮೊದಲಿಂದ, 1950ರ ದಶಕದಿಂದಲೇ ಆ ನೀರನ್ನು ಬಳಸುತ್ತಿದ್ದೇವೆ ಎಂಬುದು ಇಸ್ರೇಲ್‌ನ ಮಾತು: ಹಳೆಯ ಬಳಕೆಯೇ ಹಕ್ಕು. ಮಳೆ ಬಿದ್ದು ಇಂಗುವ ಗುಡ್ಡಗಳ ಬಹುಪಾಲು ನಮ್ಮದು, 1967ರ ಆಗಸ್ಟ್‌ನ 92ನೇ ಸೇನಾ ಆದೇಶ ಮತ್ತು ಅದೇ ನವೆಂಬರ್‌ನ 158ನೇ ಆದೇಶ ನಮ್ಮ ಕೈ ಕಟ್ಟಿದವು, ಪರವಾನಗಿಯಿಲ್ಲದೆ ಬಾವಿ ಕೊರೆಯಲು ಬಿಡದೆ ನಮ್ಮ ಬಳಕೆ ಕಡಿಮೆ ಎನ್ನುವುದು ನ್ಯಾಯವಲ್ಲ ಎಂಬುದು ಪ್ಯಾಲೆಸ್ಟೀನಿಯರ ಮಾತು.

ಒಟ್ಟಾರೆ ಮಾತುಕತೆಯ ಮುಂಚೂಣಿಯಲ್ಲಿ ಇಸ್ರೇಲ್ ಕಡೆಯಿಂದ ಉರಿ ಸವೀರ್, ಪ್ಯಾಲೆಸ್ಟೀನ್ ಕಡೆಯಿಂದ ಅಬು ಅಲಾ ಎಂದೇ ಪರಿಚಿತರಾದ ಅಹ್ಮದ್ ಕುರೇ ಇದ್ದರು. ಇಸ್ರೇಲ್ ಪರ ನೀರಿನ ಚೌಕಾಸಿ ನೋವಾ ಕಿನಾರ್ತಿ ಅವರ ಕೈಯಲ್ಲಿತ್ತು. ಇಸ್ರೇಲ್ ತಂಡದ ನಿಲುವು: ಹಕ್ಕಿನ ಮಾತು ಬೇಡ, ಕುಡಿಯುವ ನೀರಿನ ಅಗತ್ಯ ಎಷ್ಟು ಹೇಳಿ. ಪ್ಯಾಲೆಸ್ಟೀನಿಯರ ನಿಲುವು: ಮೊದಲು ಹಕ್ಕು, ಆಮೇಲೆ ಲೆಕ್ಕ. ಕೊನೆಗೆ ಎರಡನ್ನೂ ಒಂದೇ ವಿಧಿಯಲ್ಲಿ ಹಾಕಿದರು. ಮೊದಲ ಉಪವಿಧಿ ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ಟೀನಿಯರ ಜಲಹಕ್ಕನ್ನು ಇಸ್ರೇಲ್ ಮಾನ್ಯ ಮಾಡುತ್ತದೆ ಎನ್ನುತ್ತದೆ. ಆ ಹಕ್ಕುಗಳ ಮಾತುಕತೆ ಅಂತಿಮ ಒಪ್ಪಂದದ ಹೊತ್ತಿಗೆ ನಡೆಯಲಿ ಎಂದು ಅಲ್ಲೇ ಮುಂದೂಡುತ್ತದೆ.

ಅಂದು ಇದು ದೊಡ್ಡ ಗೆಲುವೆಂದು ಪ್ಯಾಲೆಸ್ಟೀನ್ ತಂಡಕ್ಕೆ ಅನ್ನಿಸಿದ್ದರೆ ತಪ್ಪಿಲ್ಲ. ಇಸ್ರೇಲ್ ಆ ಪದವನ್ನು ಬರಹದಲ್ಲಿ ಒಪ್ಪಿತು. ಆದರೆ ಅಳತೆಯಿಲ್ಲದ ಹಕ್ಕನ್ನು ಹಿಡಿದು ಯಾವ ಕಚೇರಿಯಲ್ಲೂ ಅರ್ಜಿ ಹಾಕಲಾಗದು. ಎಷ್ಟು, ಯಾವ ಪದರದಿಂದ, ಯಾವ ದಿನಾಂಕದಿಂದ ಎಂಬ ಮೂರೂ ಇಲ್ಲದ ಮಾನ್ಯತೆ ಅದು. ಅದಕ್ಕೆ ಒಂದೇ ವರ್ಷ ಹಿಂದೆ, 1994ರ ಅಕ್ಟೋಬರ್ 26ರಂದು, ಇಸ್ರೇಲ್ ಜೋರ್ಡಾನ್ ದೇಶದೊಂದಿಗೆ ಮಾಡಿಕೊಂಡ ಶಾಂತಿ ಒಪ್ಪಂದದ ಎರಡನೇ ಅನುಬಂಧವನ್ನು ಪಕ್ಕದಲ್ಲಿಟ್ಟು ನೋಡಿ. ಮೇ 15ರಿಂದ ಅಕ್ಟೋಬರ್ 15 ಬೇಸಿಗೆ, ಉಳಿದದ್ದು ಚಳಿಗಾಲ ಎಂದು ಅಲ್ಲಿ ಋತುವನ್ನೇ ಬರೆದು ಹಾಕಿದ್ದಾರೆ. ಚಳಿಗಾಲದಲ್ಲಿ ಪಡೆದ 20 ದಶಲಕ್ಷ ಘನ ಮೀಟರ್‌ಗೆ ಬದಲಾಗಿ ಬೇಸಿಗೆಯಲ್ಲಿ ಅಷ್ಟೇ ನೀರನ್ನು ಇಸ್ರೇಲ್ ಜೋರ್ಡಾನ್‌ಗೆ ಕೊಡಬೇಕು. ಬರಗಾಲದ ಹಂಚಿಕೆ ಬರೆಯದೆ ಬಿಟ್ಟಿದ್ದರಿಂದ 1999ರಲ್ಲಿ ಅಲ್ಲೂ ತಕರಾರು ಎದ್ದಿತು. ಆದರೂ ಋತು ಮತ್ತು ಪ್ರಮಾಣ ಕಾಗದದ ಮೇಲಿದ್ದುದರಿಂದ ಜೋರ್ಡಾನ್ ಕೈಯಲ್ಲಿ ತೋರಿಸಲು ಏನೋ ಇತ್ತು. ಪ್ಯಾಲೆಸ್ಟೀನಿಯರ ಕೈಯಲ್ಲಿ ಒಂದು ವಾಕ್ಯವಿತ್ತು.

28.6ರ ಬಿಡಿ ಲೆಕ್ಕ

ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿಯರ ಭವಿಷ್ಯದ ಅಗತ್ಯ ವರ್ಷಕ್ಕೆ 70ರಿಂದ 80 ದಶಲಕ್ಷ ಘನ ಮೀಟರ್ ಎಂದು ವಿಧಿ ಅಂದಾಜಿಸಿತು. ಅದರ ಭಾಗವಾಗಿ ಮಧ್ಯಂತರ ಅವಧಿಯಲ್ಲೇ ಮನೆಬಳಕೆಗೆ ತಕ್ಷಣ ಒದಗಿಸಬೇಕಾದದ್ದು 28.6. ಹೆಚ್ಚುಕಡಿಮೆ ಒಂದು ಟಿಎಂಸಿ.

ಇಸ್ರೇಲ್ ಹೊತ್ತ ಹೊಣೆ: ಹೆಬ್ರಾನ್-ಬೆತ್ಲೆಹೆಂ ಕಡೆಗೆ 1, ರಾಮಲ್ಲಾಗೆ 0.5, ಸಲ್ಫೀತ್ ಭಾಗಕ್ಕೆ 0.6, ನಾಬ್ಲಸ್‌ಗೆ 1, ಜೆನಿನ್ ಭಾಗದಲ್ಲಿ ಹೊಸ ಬಾವಿ ಕೊರೆದು 1.4, ಗಾಜಾಕ್ಕೆ 5. ಕೂಡಿದರೆ 9.5. ಇವುಗಳಲ್ಲಿ ಹೆಬ್ರಾನ್-ಬೆತ್ಲೆಹೆಂ ಪೈಪ್‌ಲೈನ್ ಮತ್ತು ಜೆನಿನ್ ಬಾವಿಯ ಬಂಡವಾಳ ವೆಚ್ಚವೂ ಇಸ್ರೇಲ್‌ನದೇ. ಪ್ಯಾಲೆಸ್ಟೀನಿಯರು ತಾವೇ ಮಾಡಿಕೊಳ್ಳಬೇಕಾದದ್ದು: ನಾಬ್ಲಸ್ ಭಾಗದಲ್ಲಿ ಒಂದು ಬಾವಿಯಿಂದ 2.1, ಹೆಬ್ರಾನ್, ಬೆತ್ಲೆಹೆಂ, ರಾಮಲ್ಲಾಗಳಿಗೆ ಪೂರ್ವ ಪದರದಿಂದ ಅಥವಾ ಇಬ್ಬರೂ ಒಪ್ಪುವ ಬೇರೆ ಮೂಲದಿಂದ 17. ಒಟ್ಟು 19.1. ಭವಿಷ್ಯದ ಅಗತ್ಯದಲ್ಲಿ ಉಳಿದ 41.4ರಿಂದ 51.4ನ್ನೂ ಅದೇ ಪೂರ್ವ ಪದರದಿಂದ ಅಥವಾ ಒಪ್ಪಿತ ಮೂಲಗಳಿಂದ ಪ್ಯಾಲೆಸ್ಟೀನಿಯರೇ ತೆಗೆದುಕೊಳ್ಳಬೇಕು.

ಈ ಪಟ್ಟಿಯನ್ನು ಗೆರೆ ಗೆರೆಯಾಗಿ ಓದಿದರೆ ಚೌಕಾಸಿಯ ಒಳಗುಟ್ಟು ಕಾಣುತ್ತದೆ. ಇಸ್ರೇಲ್ ತನ್ನ ಜಾಲದಿಂದ ಕೊಡುವ ನೀರು ಸಣ್ಣ ಸಣ್ಣ ಅಂಕಿ. ದೊಡ್ಡ ಅಂಕಿಯೆಲ್ಲ ಪೂರ್ವ ಪದರದಲ್ಲಿ ಇನ್ನೂ ಯಾರೂ ತೆಗೆಯದ ನೀರಿನ ಮೇಲೆ ಬರೆದದ್ದು. ಆ ಸಣ್ಣ ಅಂಕಿಗಳನ್ನು ಬಿಟ್ಟರೆ ಆಗಲೇ ಹರಿಯುತ್ತಿದ್ದ 601 ದಶಲಕ್ಷದಲ್ಲಿ ಒಂದು ಹನಿಯೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಲಿಲ್ಲ. ಇದ್ದ ಪಾಲನ್ನು ಮುಟ್ಟದೆ ಇಲ್ಲದ ಪಾಲನ್ನು ಹಂಚಿದರು. ರಾಜಕೀಯವಾಗಿ ಇದು ಸುಲಭ. ಇಸ್ರೇಲಿನ ಯಾವ ರೈತನೂ ಪ್ರತಿಭಟನೆಗೆ ಇಳಿಯಬೇಕಾಗಿ ಬರಲಿಲ್ಲ. ಆದರೆ ಇಡೀ ಲೆಕ್ಕ ಭೂಗರ್ಭದ ಒಂದು ಅಂದಾಜಿನ ಮೇಲೆ ನಿಂತಿತು.

ಆ ಅಂದಾಜು ಕೈಕೊಟ್ಟಿತು. ಪೂರ್ವ ಪದರ ಆಳದಲ್ಲಿದೆ, ನೆಲ ಕಡಿದಾದದ್ದು, ಕೊರೆಯುವ ಖರ್ಚು ಜಾಸ್ತಿ, ಕೆಳಭಾಗದ ನೀರಿನಲ್ಲಿ ಅಲ್ಲಲ್ಲಿ ಉಪ್ಪಿನಂಶ. ಬೆತ್ಲೆಹೆಂ ಆಗ್ನೇಯಕ್ಕೆ ಹೆರೋಡಿಯನ್ ಸುತ್ತ ಇಸ್ರೇಲಿ ಬಾವಿಗಳೂ, 1990ರ ದಶಕದ ಕೊನೆಗೆ ಅಮೆರಿಕದ ನೆರವಿನಿಂದ ಕೊರೆದ ಪ್ಯಾಲೆಸ್ಟೀನ್ ಬಾವಿಗಳೂ ಒಂದೇ ಜಾಗದಿಂದ ಎಳೆಯತೊಡಗಿದಾಗ ನೀರಿನ ಮಟ್ಟ ಕುಸಿಯಿತು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬೋರ್‌ವೆಲ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇಸ್ರೇಲ್‌ನಿಂದ ಕೊಳ್ಳುವ ನೀರು ಏರುತ್ತ ಹೋಯಿತು, ಸ್ವಂತ ಬಾವಿ-ಬುಗ್ಗೆಗಳಿಂದ ಬರುವುದು ಇಳಿಯಿತು. 2009ರ ವಿಶ್ವಬ್ಯಾಂಕ್ ವರದಿ ಇದನ್ನು ನೇರವಾಗಿ ಹೇಳಿತು: ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿಯರು ನೆಲದಿಂದ ತೆಗೆಯುವ ನೀರು ಒಪ್ಪಂದದ ನಂತರದ ವರ್ಷಗಳಲ್ಲಿ ಕಡಿಮೆಯಾಗಿದೆ. ಜನಸಂಖ್ಯೆಯಾದರೋ, ಪೂರ್ವ ಜೆರುಸಲೇಂ ಸೇರಿಸಿ, 1997ರ ಗಣತಿಯ ಸುಮಾರು 18.7 ಲಕ್ಷದಿಂದ 2017ರ ಗಣತಿಯ ಹೊತ್ತಿಗೆ ಸುಮಾರು 28.8 ಲಕ್ಷ ಮುಟ್ಟಿತ್ತು. 40ನೇ ವಿಧಿಯ ಅಂಕಿಗಳಿಗೆ ಜನಸಂಖ್ಯೆಯ ಜೊತೆ ಬೆಳೆಯುವ ಯಾವ ಸೂತ್ರವನ್ನೂ ಕಟ್ಟಿರಲಿಲ್ಲ. ಐದೇ ವರ್ಷ ತಾನೇ ಎಂದು ಬಿಟ್ಟರು.

ಒಂದು ಬಾವಿ ಕೊರೆಯಲು

ಅಂಕಿಗಿಂತ ಹೆಚ್ಚು ಹಾನಿ ಮಾಡಿದ್ದು ಅನುಮತಿಯ ದಾರಿ. 8ನೇ ಪರಿಶಿಷ್ಟ ಜಂಟಿ ಜಲ ಸಮಿತಿಯನ್ನು ರಚಿಸಿತು. ಎರಡೂ ಕಡೆಯಿಂದ ಸಮ ಸಂಖ್ಯೆಯ ಸದಸ್ಯರು. ಎಲ್ಲ ತೀರ್ಮಾನವೂ ಸಹಮತದಿಂದಲೇ. ಸಭೆಯ ಕಾರ್ಯಸೂಚಿಗೂ ಸಹಮತ ಬೇಕು. ಓದಲು ಸಮಾನತೆಯ ಮಾದರಿ.

ಪ್ಯಾಲೆಸ್ಟೀನ್ ಪುರಸಭೆಯೊಂದಕ್ಕೆ ಕೊಳವೆಬಾವಿ ಬೇಕು ಅಂದುಕೊಳ್ಳಿ. ಅರ್ಜಿ ಮೊದಲು ಪ್ಯಾಲೆಸ್ಟೀನ್ ಜಲ ಪ್ರಾಧಿಕಾರಕ್ಕೆ. ಅಲ್ಲಿಂದ ಸ್ಥಳ, ಆಳ, ವರ್ಷಕ್ಕೆ ಎತ್ತುವ ಪ್ರಮಾಣ, ಯಾವ ಪದರ ಎಂಬ ವಿವರಗಳೊಂದಿಗೆ ಜಂಟಿ ಸಮಿತಿಗೆ. ಬಾವಿಯಾದರೆ ಜಲವಿಜ್ಞಾನದ ಉಪಸಮಿತಿ, ಪೈಪಾದರೆ ಎಂಜಿನಿಯರಿಂಗ್ ಉಪಸಮಿತಿ, ಶುದ್ಧೀಕರಣ ಘಟಕವಾದರೆ ಕೊಳಚೆ ನೀರಿನ ಉಪಸಮಿತಿ ಅದನ್ನು ನೋಡಬೇಕು. ಅಲ್ಲಿ ಪಾಸಾದರೆ ಪೂರ್ಣ ಸಮಿತಿ. ಅಲ್ಲೂ ಪಾಸಾದರೆ ಜಾಗ ಯಾವ ವಲಯದಲ್ಲಿದೆ ಎಂಬ ಪ್ರಶ್ನೆ. ಪಶ್ಚಿಮ ದಂಡೆಯ ಸುಮಾರು ಶೇ 60ರಷ್ಟು ನೆಲ, ಇಸ್ರೇಲ್‌ನ ಪೂರ್ಣ ಹಿಡಿತದ ಸಿ ವಲಯ. ಬಾವಿ ಪ್ಯಾಲೆಸ್ಟೀನ್ ಆಡಳಿತದ ಎ ವಲಯದಲ್ಲಿದ್ದರೂ ಪೈಪ್ ಒಂದಿಷ್ಟು ದೂರ ಸಿ ವಲಯ ದಾಟಿದರೆ ಇಸ್ರೇಲಿ ಸೇನೆಯಡಿಯ ನಾಗರಿಕ ಆಡಳಿತದ ಪ್ರತ್ಯೇಕ ಪರವಾನಗಿ ಬೇಕು. ಅಲ್ಲಿ ಜಂಟಿ ಎಂಬುದೇ ಇಲ್ಲ. ಹಲವು ಇಲಾಖೆಗಳು, ಎಲ್ಲವೂ ಒಂದೇ ಕಡೆಯವು. ಇವುಗಳಲ್ಲಿ ಯಾವ ಹಂತಕ್ಕೂ ಕಾಲಮಿತಿ ಇರಲಿಲ್ಲ. ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯಬಹುದು ಎಂಬ ನಿಯಮವಿಲ್ಲ. ಭಿನ್ನಮತ ಬಂದರೆ ಹೋಗಲು ಮೂರನೆಯವರ ಬಾಗಿಲೂ ಇಲ್ಲ. ಪಶ್ಚಿಮ ಪದರದಲ್ಲಿ ಹೊಸ ಪ್ಯಾಲೆಸ್ಟೀನ್ ಬಾವಿಗೆ ಅನುಮತಿ ಬಹುತೇಕ ಸಿಗಲೇ ಇಲ್ಲ.

ಸಮಿತಿಯ ಅಧಿಕಾರದ ವ್ಯಾಪ್ತಿ ಇನ್ನೊಂದು ದೋಷ. ಅದು ಪಶ್ಚಿಮ ದಂಡೆಗೆ ಮಾತ್ರ. ಅದೇ ಪಶ್ಚಿಮ ಪದರಕ್ಕೆ ಹಸಿರು ರೇಖೆಯ (ಇಸ್ರೇಲ್ ಮತ್ತು ಪಶ್ಚಿಮ ದಂಡೆಯ ನಡುವಿನ, 1967ಕ್ಕೂ ಹಿಂದಿನ ಗೆರೆ) ಆಚೆ, ಇಸ್ರೇಲ್ ಒಳಗೆ ಹೊಸ ಪಂಪು ಇಳಿಸಿದರೆ ಸಮಿತಿ ಕೇಳುವಂತಿಲ್ಲ. ಪದರ ಒಂದೇ, ತಪಾಸಣೆ ಒಂದು ತುದಿಗೆ ಮಾತ್ರ. 9ನೇ ಪರಿಶಿಷ್ಟದ ಜಂಟಿ ಉಸ್ತುವಾರಿ ತಂಡಗಳೂ ಹಾಗೆಯೇ: ಕನಿಷ್ಠ ಐದು ತಂಡ, ಪ್ರತಿ ತಂಡದಲ್ಲಿ ಎರಡೂ ಕಡೆಯಿಂದ ತಲಾ ಇಬ್ಬರಾದರೂ ಇರಬೇಕು, ಅವರವರ ವಾಹನ ಅವರವರದು ಎಂಬಷ್ಟು ಸೂಕ್ಷ್ಮ ವಿವರ ಬರೆದಿದ್ದಾರೆ. ಆದರೆ ಅವರು ಮೀಟರ್ ನೋಡಬೇಕಾದದ್ದು ಪಶ್ಚಿಮ ದಂಡೆಯಲ್ಲಿ.

ಸಹಮತದ ನಿಯಮ ಇಬ್ಬರಿಗೂ ತಡೆ ಹಾಕುವ ಅಧಿಕಾರ ಕೊಡುತ್ತದೆ ನಿಜ. ಆದರೆ ತುರ್ತು ಯಾರಿಗೆ ಹೆಚ್ಚೋ ಅವರ ತಡೆಗೆ ಬೆಲೆ ಕಡಿಮೆ. ಇಸ್ರೇಲ್‌ಗೆ ಸಮಿತಿಯಲ್ಲಿ ಬೇಕಾಗಿದ್ದದ್ದು ಮುಖ್ಯವಾಗಿ ವಸಾಹತುಗಳ ಪೈಪ್‌ಲೈನು. ಅದನ್ನು ಒಪ್ಪಿದರೆ ವಸಾಹತನ್ನೇ ಒಪ್ಪಿದಂತೆ ಎಂಬ ಸಂಕಟ ಪ್ಯಾಲೆಸ್ಟೀನ್ ಸದಸ್ಯರಿಗೆ. ಒಪ್ಪದಿದ್ದರೆ ತಮ್ಮೂರಿನ ಬಾವಿ ನಿಲ್ಲುತ್ತದೆ ಎಂಬ ಇನ್ನೊಂದು ಸಂಕಟ. ಮೊದಲ ಹದಿಮೂರು ವರ್ಷಗಳ ನಡಾವಳಿಯನ್ನು ನೋಡಿದರೆ ವಸಾಹತುಗಳ ಪೈಪ್ ಯೋಜನೆಗಳಿಗೆ ಅವರು ಸಹಿ ಹಾಕುತ್ತಲೇ ಬಂದದ್ದು ಕಾಣುತ್ತದೆ. ಹೊರಗೆ ಅದನ್ನು ಹೇಳಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಒಪ್ಪಂದ ಬರೆದವರು ಮಾಡಿದ ಅತಿ ದೊಡ್ಡ ತಪ್ಪು ಇದು: ಪುರಸಭೆಯ ಕುಡಿಯುವ ನೀರನ್ನೂ ವಸಾಹತಿನ ಪೈಪನ್ನೂ ಒಂದೇ ಮೇಜಿಗೆ, ಒಂದೇ ನಿಯಮದಡಿ ತಂದು ಕೂರಿಸಿದ್ದು.

ಇಸ್ರೇಲ್ ಕಡೆಯ ದೂರುಗಳನ್ನೂ ಇಲ್ಲಿ ಹೇಳಬೇಕು, ಅವು ಪೊಳ್ಳಲ್ಲ. ಅನುಮತಿಯಿಲ್ಲದೆ ಕೊರೆದ ಬಾವಿಗಳಿವೆ. ಪ್ಯಾಲೆಸ್ಟೀನ್ ಜಾಲದಲ್ಲಿ ಸುಮಾರು ಮೂರನೇ ಒಂದು ಪಾಲು ನೀರು ಸೋರಿಕೆ ಮತ್ತು ಕಳವಿನಲ್ಲಿ ಹೋಗುತ್ತದೆ. ಕೊಳಚೆ ಸಂಸ್ಕರಿಸದೆ ಕಿದ್ರೋನ್, ಹೆಬ್ರಾನ್ ಹಳ್ಳಗಳಲ್ಲಿ ಹರಿಯುತ್ತ ಬಂದಿದೆ. ಗಡಿ ದಾಟಿ ಬಂದದ್ದನ್ನು ಇಸ್ರೇಲ್ ಸಂಸ್ಕರಿಸಿ, ಆ ಖರ್ಚನ್ನು ತಾನು ಪ್ಯಾಲೆಸ್ಟೀನ್ ಪ್ರಾಧಿಕಾರದ ಪರವಾಗಿ ಸಂಗ್ರಹಿಸುವ ತೆರಿಗೆ ಹಣದಿಂದ ಮುರಿದುಕೊಳ್ಳುತ್ತದೆ. ಆದರೆ ಶುದ್ಧೀಕರಣ ಘಟಕಗಳೂ ಅದೇ ಸಮಿತಿ, ಅದೇ ಸಿ ವಲಯದ ಪರವಾನಗಿ ದಾಟಬೇಕಿತ್ತು. ಜರ್ಮನಿ ಹಣ ಕೊಟ್ಟಿದ್ದ ನಾಬ್ಲಸ್ ಪಶ್ಚಿಮದ ಘಟಕ ಕೆಲಸ ಶುರುಮಾಡಿದ್ದು 2013ರಲ್ಲಿ, ಒಪ್ಪಂದವಾಗಿ ಹದಿನೆಂಟು ವರ್ಷದ ಮೇಲೆ.

ಎರಡನೇ ಇಂತಿಫಾದದ ನಡುವೆ

ಈ ಪ್ರಕರಣದಲ್ಲಿ ಮರೆಯಬಾರದ ಒಂದು ದಿನ 2001ರ ಜನವರಿ 31. ಆಗ ಎರಡನೇ ಇಂತಿಫಾದ, ಅಂದರೆ ಪ್ಯಾಲೆಸ್ಟೀನಿಯರ ಎರಡನೇ ದಂಗೆ, ಶುರುವಾಗಿ ನಾಲ್ಕು ತಿಂಗಳು. 2000ರ ಕ್ಯಾಂಪ್ ಡೇವಿಡ್ ಶೃಂಗಸಭೆ ಮುರಿದುಬಿದ್ದಿತ್ತು, ತಾಬಾ ಮಾತುಕತೆ ಕೆಲ ದಿನಗಳ ಹಿಂದಷ್ಟೇ ಫಲವಿಲ್ಲದೆ ಮುಗಿದಿತ್ತು. ಜಂಟಿ ಜಲ ಸಮಿತಿಯ ಇಬ್ಬರು ಮುಖ್ಯಸ್ಥರು, ನೋವಾ ಕಿನಾರ್ತಿ ಮತ್ತು ನಬೀಲ್ ಅಲ್-ಶರೀಫ್, ಎರೆಜ್ ಗಡಿಠಾಣೆಯಲ್ಲಿ ಸೇರಿ ಜಂಟಿ ಹೇಳಿಕೆಗೆ ಸಹಿ ಹಾಕಿದರು. ನೀರಿನ ಪೈಪು, ಪಂಪು, ಬಾವಿ, ಅವಕ್ಕೆ ವಿದ್ಯುತ್ ಕೊಡುವ ತಂತಿಗಳನ್ನು ಹಿಂಸೆಯಿಂದ ಹೊರಗಿಡಿ ಎಂದು ಎರಡೂ ಜನತೆಗೆ ಮನವಿ. ಹೀಬ್ರೂ, ಅರಬ್ಬಿ, ಇಂಗ್ಲಿಷ್ ಮೂರರಲ್ಲೂ ಪ್ರಕಟಿಸಿದರು. ಮಿಕ್ಕ ಜಂಟಿ ಸಮಿತಿಗಳು ಕುಸಿಯುತ್ತಿದ್ದಾಗ ಇದೊಂದು ಸಭೆ ಸೇರುತ್ತಿತ್ತು. ಎರಡೂ ಕಡೆಯ ಎಂಜಿನಿಯರುಗಳಿಗೆ ಪರಸ್ಪರರ ಪೈಪು ಎಲ್ಲಿ ಹಾದುಹೋಗಿದೆ ಎಂದು ಗೊತ್ತಿತ್ತು. ಇಸ್ರೇಲ್‌ನ ನೀರು ಕಂಪನಿ ಮೆಕೊರೊತ್‌ನ ಒಂದೇ ಕೊಳವೆ ವಸಾಹತಿಗೂ ಪಕ್ಕದ ಹಳ್ಳಿಗೂ ಹೋಗುವ ಕಡೆ ಒಡೆದರೆ ಇಬ್ಬರಿಗೂ ನೀರಿಲ್ಲ. ಒಳ್ಳೆಯ ಮಾತಿಗಿಂತ ಈ ಪೈಪಿನ ನಕ್ಷೆಯೇ ಅವರನ್ನು ಒಟ್ಟಿಗೆ ಕೂರಿಸಿತು ಎಂದು ನಾವು ತಿಳಿಯುತ್ತೇವೆ.

ನಿಂತ ಸಮಿತಿ, ಕಾದ ನಗರ

2010ರಲ್ಲಿ ಪ್ಯಾಲೆಸ್ಟೀನ್ ಕಡೆಯವರು ವಸಾಹತು ಯೋಜನೆಗಳಿಗೆ ಇನ್ನು ಸಹಿಯಿಲ್ಲ ಎಂದರು. ಸಹಮತವಿಲ್ಲದೆ ಸಮಿತಿ ಸೇರಲಿಲ್ಲ. ಏಳು ವರ್ಷ.

ಅದರ ಬಿಸಿ ತಟ್ಟಿದ್ದು ರಾಮಲ್ಲಾ ಉತ್ತರಕ್ಕೆ ಹೊಸದಾಗಿ ಕಟ್ಟಿದ ರವಾಬಿ ನಗರಕ್ಕೆ. ನಗರದ ನೆಲ ಎ ವಲಯದಲ್ಲಿ. ಮನೆಗಳು ಸಿದ್ಧವಾಗಿ ನಿಂತಿದ್ದವು, ನೀರಿನ ಸಂಪರ್ಕಕ್ಕೆ ಜಂಟಿ ಸಮಿತಿಯ ಒಪ್ಪಿಗೆ ಬೇಕಿತ್ತು, ಸಮಿತಿ ಸೇರುತ್ತಿರಲಿಲ್ಲ. ಬರಲು ಪ್ಯಾಲೆಸ್ಟೀನ್ ಕಡೆಯವರೇ ಒಪ್ಪುತ್ತಿಲ್ಲ ಎಂದು ಇಸ್ರೇಲ್. ಪಟ್ಟಣದ ಕುಡಿಯುವ ನೀರಿಗೆ ವಸಾಹತಿನ ಸಹಿಯನ್ನು ಬೆಲೆಯಾಗಿ ಕೇಳುತ್ತಿದ್ದಾರೆ ಎಂದು ಪ್ಯಾಲೆಸ್ಟೀನಿಯರು. ಕೊನೆಗೆ 2015ರ ಆರಂಭದಲ್ಲಿ ಇಸ್ರೇಲ್ ಪ್ರಧಾನಿಯ ಮಟ್ಟದಲ್ಲಿ ತೀರ್ಮಾನವಾಗಿ ನಲ್ಲಿಗೆ ನೀರು ಬಂತು. ಒಂದು ನಗರದ ಪೈಪಿಗೆ ಪ್ರಧಾನಿ ಕೈಹಾಕಬೇಕಾಯಿತು ಎಂದರೆ ಕೆಳಗಿನ ವ್ಯವಸ್ಥೆ ಪೂರ್ತಿ ಸತ್ತಿತ್ತು.

2017ರ ಜನವರಿ 15ರಂದು ಇಸ್ರೇಲ್ ಸೇನೆಯ ಮೇಜರ್ ಜನರಲ್ ಯೋಆವ್ ಮೊರ್ದೆಖೈ ಮತ್ತು ಪ್ಯಾಲೆಸ್ಟೀನ್ ನಾಗರಿಕ ವ್ಯವಹಾರಗಳ ಸಚಿವ ಹುಸೇನ್ ಅಲ್-ಶೇಖ್ ಸಮಿತಿಯನ್ನು ಮರಳಿ ಎಬ್ಬಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಮುಖ್ಯ ಬದಲಾವಣೆ: ಪೈಪು ಮತ್ತು ಹಂಚಿಕೆ ಜಾಲಗಳಿಗೆ ಇನ್ನು ಸಮಿತಿಯ ಒಪ್ಪಿಗೆ ಬೇಡ, ಇಬ್ಬರೂ ತಮ್ಮದನ್ನು ಹಾಕಿಕೊಳ್ಳಬಹುದು, ಹೊಸ ಬಾವಿ ಮತ್ತು ಹೆಚ್ಚುವರಿ ನೀರಿನ ವಿಷಯ ಮಾತ್ರ ಸಮಿತಿಗೆ. ಗಂಟನ್ನು ಬಿಚ್ಚುವ ಬದಲು ಅದರ ಪಕ್ಕದಿಂದ ದಾರಿ ಮಾಡಿದರು. ಪ್ಯಾಲೆಸ್ಟೀನಿಯರಿಗೆ ವಸಾಹತಿನ ಪೈಪಿಗೆ ಸಹಿ ಹಾಕುವ ಮುಜುಗರ ತಪ್ಪಿತು, ಅದನ್ನು ತಡೆಯುವ ಅವಕಾಶವೂ ಹೋಯಿತು. ಸಿ ವಲಯದ ಪರವಾನಗಿ ಹಾಗೇ ಉಳಿಯಿತು.

ಅಷ್ಟರಲ್ಲಿ ಲೆಕ್ಕದ ಬುಡವೇ ಬದಲಾಗಿತ್ತು. ಅಶ್ಕೆಲೋನ್ 2005, ಪಾಲ್ಮಖೀಂ 2007, ಹದೇರಾ 2009, ಸೋರೆಕ್ 2013, ಅಶ್ದೋದ್ 2015: ಸಮುದ್ರದ ನೀರನ್ನು ಸಿಹಿ ಮಾಡುವ ಐದು ದೊಡ್ಡ ಘಟಕಗಳು. ಸೋರೆಕ್ ಒಂದರದೇ ಸಾಮರ್ಥ್ಯ ವರ್ಷಕ್ಕೆ 150 ದಶಲಕ್ಷ ಘನ ಮೀಟರ್, ಅಂದರೆ ಪ್ಯಾಲೆಸ್ಟೀನಿಯರ ಪಾಲಿನ 118ಕ್ಕಿಂತ ಹೆಚ್ಚು. 1995ರಲ್ಲಿ ಇಸ್ರೇಲ್ ಬಿಟ್ಟುಕೊಡಲಾಗದೆ ಹಿಡಿದಿದ್ದ ನೀರಿಗೆ ಈಗ ಬದಲಿ ಇದೆ, ಬೆಲೆಯೂ ಇದೆ. 2017ರ ಜುಲೈನಲ್ಲಿ ಅಮೆರಿಕದ ಮಧ್ಯಸ್ಥಿಕೆಯಲ್ಲಿ ಪ್ರಕಟವಾದದ್ದು ಮಾರಾಟದ ಒಪ್ಪಂದ: ಪಶ್ಚಿಮ ದಂಡೆಗೆ 22 ದಶಲಕ್ಷ ಘನ ಮೀಟರ್, ಗಾಜಾಕ್ಕೆ 10, ಘನ ಮೀಟರ್‌ಗೆ ಮೂರು ಶೆಕೆಲ್‌ಗಿಂತ ತುಸು ಹೆಚ್ಚು ದರ. ನೀರು ಹೆಚ್ಚು ಸಿಗುತ್ತದೆ, ಅದು ಮುಖ್ಯ, ಬಾಯಾರಿದವರಿಗೆ ಅದನ್ನು ಬೇಡವೆನ್ನಲಾಗದು. ಆದರೆ ಕೊಂಡ ನೀರಿನ ಮೇಲೆ ಹಕ್ಕಿನ ವಾದ ನಿಲ್ಲುವುದಿಲ್ಲ. ಮೊದಲ ಉಪವಿಧಿಯ ವಾಕ್ಯ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತದೆ.

ಮತ್ತೆ ಯಾರಾದರೂ ಈ ವಿಧಿಯನ್ನು ಬರೆಯಲು ಕೂತರೆ ಕೈಗೆತ್ತಿಕೊಳ್ಳಬೇಕಾದ ಜಾಗಗಳು ಮೇಲಿನ ವಿವರದಲ್ಲೇ ಇವೆ. ಸಮಿತಿಯ ವ್ಯಾಪ್ತಿ ಇಡೀ ಪದರಕ್ಕಿರಬೇಕು, ಹಸಿರು ರೇಖೆಯ ಎರಡೂ ಬದಿ. ಅರ್ಜಿಗೆ ದಿನದ ಮಿತಿ, ಮೀರಿದರೆ ಒಪ್ಪಿಗೆಯೆಂದೇ ಲೆಕ್ಕ. ಅಂಕಿಗಳು ಗಣತಿಗೂ, ಅಳೆದ ನೀರಿನ ಮಟ್ಟಕ್ಕೂ ಕಟ್ಟಿಕೊಂಡಿರಬೇಕು. ಬರಗಾಲದ ಹಂಚಿಕೆಯನ್ನು ಮಳೆ ಚೆನ್ನಾಗಿರುವ ವರ್ಷವೇ ಬರೆದಿಡಬೇಕು. ಕಾವೇರಿಯಲ್ಲಿ ಸಂಕಷ್ಟ ಸೂತ್ರ ಇಲ್ಲದ ವರ್ಷಗಳಲ್ಲಿ ಏನಾಯಿತೆಂದು ಮಂಡ್ಯ, ತಂಜಾವೂರು ಎರಡಕ್ಕೂ ಗೊತ್ತು. ಭಿನ್ನಮತ ಬಂದಾಗ ಹೋಗಲು ಮೂರನೆಯವರೊಬ್ಬರು ಬೇಕೇ ಬೇಕು.

ಗಾಜಾದ 5 ದಶಲಕ್ಷದ ಸಾಲಿನ ಗತಿ ಇದು. ಗಾಜಾ ನಿಂತಿರುವ ಕರಾವಳಿ ಪದರ ಅತಿಯಾಗಿ ಎಳೆದದ್ದರಿಂದ, ಸಮುದ್ರದ ಉಪ್ಪು ಮತ್ತು ಕೊಳಚೆ ಸೇರಿದ್ದರಿಂದ ಕೆಟ್ಟುಹೋಗಿ, ಅಲ್ಲಿನ ಬಾವಿ ನೀರಿನ ಶೇ 90ಕ್ಕೂ ಹೆಚ್ಚು ಕುಡಿಯಲು ಯೋಗ್ಯವಲ್ಲದ ಸ್ಥಿತಿಗೆ ಬಂತು. ಮೆಕೊರೊತ್ ಕೊಡುವ ನೀರನ್ನು 5ರಿಂದ 10ಕ್ಕೆ ಏರಿಸುವುದಾಗಿ ಇಸ್ರೇಲ್ ಪ್ರಕಟಿಸಿದ್ದು 2015ರ ಮಾರ್ಚ್‌ನಲ್ಲಿ, ಸಹಿಯಾಗಿ ಹತ್ತೊಂಬತ್ತೂವರೆ ವರ್ಷದ ಮೇಲೆ. ಅಲ್ ಮುಂತಾರ್, ಬನೀ ಸಯೀದ್, ಬನೀ ಸುಹೈಲಾ ಎಂಬ ಮೂರು ಕಡೆ ಆ ಕೊಳವೆಗಳು ಗಾಜಾ ಒಳಹೊಗುತ್ತವೆ. 2023ರ ಅಕ್ಟೋಬರ್ 9ರಂದು ಮೂರನ್ನೂ ಮುಚ್ಚಲಾಯಿತು. ಆರು ದಿನದ ನಂತರ ಬನೀ ಸುಹೈಲಾ ಒಂದನ್ನು ಭಾಗಶಃ ತೆರೆದರು.